ಬುರುಗಿನ ಕಾರ್ಖಾನೆಗೆ ಹೋದ ದಿನ

ಜಮಖಂಡಿಯ ಗುಡ್ಡದ ಬುಡದಲ್ಲಿ, ಜಾಲಿಗಿಡ ಬೆಳೆದು ಮುಚ್ಚಿಹೋಗಿರುವ ಕಲ್ಲಿನ ಬಾಗಿಲನ್ನು ನೀವು ನೋಡಿದ್ದೀರಿ. ಹೋದ ಸಲ ಬಂದಾಗ ಅದರೊಳಗೆ ಏನಿತ್ತಜ್ಜಿ ಎಂದು ಕೇಳಿದಿರಿ. ನಾನು ಏನೋ ಹೇಳಿ ಮಾತು ಮರೆಸಿದೆ. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬರೆದರೆ ಆದೀತೇನೋ ಎಂದು ಕೂತಿದ್ದೇನೆ.

ಅದರೊಳಗೆ ನಿಮ್ಮ ಅಜ್ಜ ಕೆಲಸ ಮಾಡುತ್ತಿದ್ದರು. ನಾನು ಅಲ್ಲಿಗೆ ಹೋದದ್ದು ಒಂದೇ ಸಲ, ನಮ್ಮ ಮಾವನವರು ತೀರಿಕೊಳ್ಳುವ ಹಿಂದಿನ ದಿನ. ಮಾವನವರು ಕಣ್ಣು ಮುಚ್ಚುವುದರೊಳಗೆ ತಮ್ಮ ಒಬ್ಬನೇ ಮಗನ ಕೈಯಿಂದ ಒಂದು ಗುಟುಕು ನೀರು ಕುಡಿಯಬೇಕಾಗಿತ್ತು. ಮಗನನ್ನು ಕರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ಅದು ಸಂಸ್ಥಾನದ ಕಾಲ. ಆ ಗುಡ್ಡದೊಳಗೆ ದ್ರಾಕ್ಷಿಯ ಶೆರೆ, ಅಂದರೆ ಮದ್ಯ, ಮಾಡುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೇ ಕಾರ್ಖಾನೆ ಹಳೆಯದಾಗಿತ್ತು. ಮಾವನವರು ಚಿಕ್ಕವರಿದ್ದಾಗ ಗುಡ್ಡ ಕೊರೆದರಂತೆ. ಮುಂಬೈ ಕಡೆಯ ಒಬ್ಬ ಗುತ್ತಿಗೆದಾರ ದುಡ್ಡು ಹಾಕಿದ್ದ, ಸಮುದ್ರದಾಚೆಯಿಂದ ಬಂದ ಬಿಳಿಯ ಸಾಹೇಬನೊಬ್ಬ ಕೆಲಸ ಕಲಿಸಿದ್ದ. ಸಾಹೇಬ ಇಲ್ಲಿಯ ಬೇಸಿಗೆ ತಾಳದೆ ಸತ್ತನಂತೆ, ಕೆಲಸ ಮಾತ್ರ ಉಳಿಯಿತು. ಕೃಷ್ಣೆಯ ದಂಡೆಯ ತೋಟಗಳಿಂದ ಬುಟ್ಟಿಗಟ್ಟಲೆ ದ್ರಾಕ್ಷಿ ಬರುತ್ತಿತ್ತು. ಅದರ ರಸ ಒಮ್ಮೆ ಪೀಪಾಯಿಯಲ್ಲಿ ಹುಳಿಯಾಗಿ, ಮತ್ತೊಮ್ಮೆ ಬೂಚು ಬಿಗಿದ ಶೀಶೆಯಲ್ಲಿ ಹುಳಿಯಾಗುತ್ತಿತ್ತು. ಹೊರಗೆ ಹೋಗಲು ದಾರಿಯಿಲ್ಲದ ಉಸಿರು ಶೀಶೆಯೊಳಗೇ ಉಳಿಯುತ್ತಿತ್ತು. ಬೂಚು ತೆಗೆದರೆ ಬುಸ್ ಎಂದು ಬುರುಗು ಉಕ್ಕುತ್ತಿತ್ತು. ಬಿಳಿಯರು ಬಂದಾಗ ಅರಮನೆಯಲ್ಲಿ ಅದನ್ನು ಕೊಡುತ್ತಿದ್ದರು. ಉಳಿದದ್ದು ಗಾಡಿಯ ಮೇಲೆ ಹುಲ್ಲು ಹಾಸಿಕೊಂಡು ಕುಡಚಿ ಸ್ಟೇಶನ್ನಿಗೆ ಹೋಗುತ್ತಿತ್ತು. ಜನ ಅದನ್ನು ಬುರುಗಿನ ಕಾರ್ಖಾನೆ ಎನ್ನುತ್ತಿದ್ದರು. ನಮ್ಮತ್ತೆ ಮಾತ್ರ ಹಗೇವು ಎನ್ನುತ್ತಿದ್ದರು. ಹಗೇವು ಅಂದರೆ ಜೋಳ ತುಂಬಿ ಬಾಯಿ ಮುಚ್ಚುವ ನೆಲದ ಕುಣಿ. "ಜ್ವಾಳ ಇಟ್ಟ ಹಗೇವು ಊರಿಗೆ ಅನ್ನ ಹಾಕತೈತಿ. ಈ ಹಗೇವು ನನ್ನ ಮಗನ್ನ ನುಂಗೇತಿ" ಎನ್ನುತ್ತಿದ್ದರು.

ನಮ್ಮದು ಬನಹಟ್ಟಿಯ ಜೈನರ ಮನೆ. ಮಾವನವರು ನೇಕಾರರಿಗೆ ನೂಲು ಮಾರುತ್ತಿದ್ದರು. ಅವರ ನೇಮ ಬಹಳ ಬಿಗಿ. ಬಾವಿಯಿಂದ ಸೇದಿದ ನೀರನ್ನು ದಪ್ಪ ಅರಿವೆಯನ್ನು ಎರಡು ಪದರು ಮಾಡಿ ಸೋಸಬೇಕು. ಅರಿವೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯದ ಹಾಗೆ ಅದನ್ನು ನೀರಿನಲ್ಲಿ ಜಾಲಿಸಿ, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಮೇಲಿನಿಂದ ಸುರಿಯಬಾರದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮುಳುಗಿದ ಮೇಲೆ ಮನೆಯ ಉಳಿದವರು ನೀರು ಕುಡಿದರೂ ಮಾವನವರು ಒಂದು ಹನಿ ಬಾಯಿಗೆ ಹಾಕುತ್ತಿರಲಿಲ್ಲ. ಬೇಸಿಗೆಯಲ್ಲಿ ರಾತ್ರಿಯೆಲ್ಲ ಬೀಸಣಿಗೆ ಆಡಿಸುತ್ತ ಕೂತಿರುತ್ತಿದ್ದರೇ ಹೊರತು ಕೊಡದ ಕಡೆಗೆ ನೋಡುತ್ತಿರಲಿಲ್ಲ.

ಇಂಥವರ ಮಗ ಶೆರೆ ಮಾಡುವ ಕೆಲಸಕ್ಕೆ ಹೋದದ್ದು ಬೇಕೆಂದಲ್ಲ. ಗಿರಣಿ ಸೀರೆಗಳು ಬಂದು ಕೈಮಗ್ಗಗಳು ನಿಂತವು, ನೂಲು ಕೇಳುವವರು ಕಡಿಮೆಯಾದರು. ನಿಮ್ಮ ಅಜ್ಜನ ಅಕ್ಷರ ಚಂದ. ಮೊದಲು ಅಲ್ಲಿ ಕಾರಕೂನರಾಗಿ ಸೇರಿದರು. ಆಮೇಲೆ ಯಾರೋ ಇವರ ಕೈ ನಡುಗುವುದಿಲ್ಲ ಎಂದು ಕಂಡುಹಿಡಿದು ಶೀಶೆ ತಿರುಗಿಸಲು ಒಳಗೆ ಕಳಿಸಿದರು. ಅದು ತಿಳಿದ ದಿನ ಮಾವನವರು ಪಡಸಾಲೆಯಲ್ಲಿ ಕೂತು ಕೇಳಿದರು:

"ಆ ಶೀಶೇದೊಳಗ ಏನ್ ಆಕ್ಕೈತೋ?"

"ಹುಳಿ ಆಕ್ಕೈತ್ರಿ ಅಪ್ಪಾ."

"ಹುಳಿ ಅಂದ್ರ ಏನು? ಜೀವ ಹುಟ್ಟತಾವ, ಜೀವ ಸಾಯತಾವ. ಸತ್ತದ್ದು ತಳಕ್ಕ ಕುಂದರತೈತಿ. ಹೌದೋ ಅಲ್ಲೋ?"

ಅದು ಹೌದೆಂದು ಇವರಿಗೆ ಗೊತ್ತಿತ್ತು.

"ಹಂಗಾದ್ರ ಆ ಕೈಲೆ ನನಗ ನೀರು ಬ್ಯಾಡ" ಎಂದರು ಮಾವನವರು. ಸಿಟ್ಟಿನಲ್ಲಿ ಅಂದದ್ದೋ, ನೇಮ ಮಾಡಿ ಅಂದದ್ದೋ, ನಮಗೆ ಯಾರಿಗೂ ತಿಳಿಯಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಬಸದಿಗೆ ಹೋಗಿ ನೇಮ ತಕ್ಕೊಂಡದ್ದನ್ನು ನಾನು ನೋಡಿಲ್ಲ.

ಅಂದಿನಿಂದ ಇವರು ಜಮಖಂಡಿಯಲ್ಲೇ ಒಂದು ಖೋಲಿ ಹಿಡಿದು ಇದ್ದರು. ಸೂಟಿ ಸಿಕ್ಕಾಗ ಬನಹಟ್ಟಿಗೆ ಬರುತ್ತಿದ್ದರು. ತಂದೆಗೆ ನಮಸ್ಕಾರ ಮಾಡುತ್ತಿದ್ದರು, ತಂದೆ ತಮ್ಮಾ ಎಂದು ಕರೆದು ಪೇಟೆಯ ಸುದ್ದಿ ಕೇಳುತ್ತಿದ್ದರು. ನೀರಿನ ಮಾತು ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಮಾವನವರಿಗೆ ಊಟದ ನಡುವೆ ಬಿಕ್ಕಳಿಕೆ ಹತ್ತಿತು. ಇವರು ಪಕ್ಕದಲ್ಲೇ ಕೂತಿದ್ದರು, ತಂಬಿಗೆಯೂ ಕೈಗೆ ಹತ್ತಿರವೇ ಇತ್ತು. ಇವರು ಎತ್ತಲಿಲ್ಲ, ಅವರು ಕೇಳಲಿಲ್ಲ. ನಾನು ಅಡಿಗೆಮನೆಯಿಂದ ಓಡಿಬಂದು ಕೊಟ್ಟೆ. ಅತ್ತೆ ಹಣೆ ಚಚ್ಚಿಕೊಂಡು, "ಅಪ್ಪನೂ ಮಗನೂ ಒಂದ ಬಂಡಿಗಲ್ಲು ಕಡದು ಮಾಡಿದವರು. ನಡುವ ನಾ ಒಬ್ಬಾಕಿ ಹಸಿಮಣ್ಣು" ಎಂದರು.

ವರ್ಷಗಳು ಹೀಗೇ ಹೋದವು. ಆಮೇಲೆ ಮಾವನವರು ಹಾಸಿಗೆ ಹಿಡಿದರು. ವೈದ್ಯರು ಬಂದು ಹೋದರು. ಕೆಲವು ದಿನಗಳ ಮೇಲೆ ಮಾವನವರು ತಾವಾಗಿ ಅನ್ನ ಬಿಟ್ಟರು, ಆಮೇಲೆ ಹಾಲು ಬಿಟ್ಟರು. ಹಗಲಿನಲ್ಲಿ ನಾನೋ ಅತ್ತೆಯೋ ಹಾಕಿದ ನೀರಷ್ಟೇ ಉಳಿಯಿತು. ಆ ದಿನ ಮುಂಜಾನೆ ಮಾತು ಸೋತಿತ್ತು. ತುಟಿ ಅಲುಗುತ್ತಿದ್ದವು. ಅತ್ತೆ ಕಿವಿಯನ್ನು ಬಾಯಿಗೆ ಹಚ್ಚಿ ಬಹಳ ಹೊತ್ತು ಬಗ್ಗಿಕೊಂಡಿದ್ದರು. ಎದ್ದಾಗ ಅವರ ಮುಖ ಬೇರೆಯಾಗಿತ್ತು.

"ತಮ್ಮ ಅಂದ್ರು. ನೀರು ಅಂದ್ರು. ಅವನ ಕೈಲೆ ಕುಡೀತಾರ ಬೇ. ಹೋಗು, ಕರಕೊಂಡು ಬಾ."

"ನಾ ಏನ್ರಿ ಅತ್ತಿ?"

"ಮತ್ತ ನಾ ಇವ್ರನ್ನ ಬಿಟ್ಟು ಹೋಗ್ಲಿ? ಮಂದೀನ ಕಳಿಸಿದ್ರ ಅವ ನಂಬಂಗಿಲ್ಲ, ಅವ್ವ ಸುಳ್ಳ ಹೇಳಿ ಕರಸ್ತಾಳ ಅಂತಾನ. ನೀ ಬಾಯಿ ತೆರಿಯೂ ಪೈಕಿ ಅಲ್ಲ. ನೀ ಬಂದು ನಿಂತಿ ಅಂದ್ರ ಸಂಗತಿ ಖರೆ ಐತಿ ಅಂತ ಅವಗ ತಿಳೀತೈತಿ."

ಮನೆಯ ಹಳೆಯ ಆಳು ಗಾಡಿ ಹೂಡಿದ. ಬನಹಟ್ಟಿಯಿಂದ ಜಮಖಂಡಿಗೆ ದಾರಿ ಉದ್ದ, ಎತ್ತುಗಳು ಮುದಿ. ನಾನು ಸೆರಗು ಎಳೆದುಕೊಂಡು ಕೂತೆ. ಆಳು ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತಾಡಿದ, ನನ್ನ ಜೊತೆ ಒಂದೇ ಮಾತು: "ಸಣ್ಣವ್ವಾರ, ಹೊತ್ತು ಇಳಿಯೂದ್ರೊಳಗ ಹೊಳ್ಳಿ ಬರೂಣ್ರಿ. ಯಜಮಾನ್ರು ಹೊತ್ತು ಮುಳುಗಿದ್ರ ಏನೂ ತಗೊಳಂಗಿಲ್ಲ." ಅದು ನನಗೂ ಗೊತ್ತಿತ್ತು. ಆಗ ಬಿಸಿಲು ಇನ್ನೂ ಎಳೆಯದು. ಹೊತ್ತು ಬೇಕಾದಷ್ಟಿದೆ ಎಂದುಕೊಂಡೆ.

ಗುಡ್ಡದ ಬಾಗಿಲ ಮುಂದೆ ಒಬ್ಬ ಪಹರೆಯವ ಕೂತಿದ್ದ. ಒಳಗಿನವರನ್ನು ಕರೆಸಿಕೊಡು ಎಂದು ಆಳು ಕೇಳಿದ.

"ಕೆಲಸದಾಗ ಇದ್ದವರ್ನ ಕರಿಯಂಗಿಲ್ಲ" ಎಂದ ಅವನು. "ಒಳಗ ಒದರಿದ್ರ ಶೀಶೆ ಒಡೀತಾವು. ಹೊರಗಿನವರು ಕಾರಭಾರ್‍ಯಾರ ಜೋಡಿ ಹೋಗಬೇಕು, ಕಾರಭಾರ್‍ಯಾರ ಜೋಡೀನ ಬರಬೇಕು. ಒಂದ ಕಂದೀಲು, ಒಂದ ದಾರಿ."

"ಮನ್ಯಾಗ ಸಾಯಾಕತ್ತಾರೋ ಮಾರಾಯಾ" ಎಂದ ಆಳು.

"ಅದಕ್ಕ ನಾ ಏನ್ ಮಾಡ್ಲಿ? ಕಾರಭಾರ್‍ಯಾರು ಬರೂತನಾ ಕುಂದರ್ರಿ."

ಕೂತೆವು. ಬಿಸಿಲು ನೆತ್ತಿಗೆ ಬಂತು. ಆಮೇಲೆ ಮುಧೋಳದ ಕಡೆಯಿಂದ ಒಂದು ಟಾಂಗಾ ಬಂತು. ಅಲ್ಲಿಯ ಒಬ್ಬ ಅಧಿಕಾರಿಯ ಹೆಂಡತಿ ಮತ್ತು ಆಕೆಯ ತಂಗಿ ಕಾರ್ಖಾನೆ ನೋಡಲು ಬಂದಿದ್ದರು. ಅವರನ್ನು ಎದುರುಗೊಳ್ಳಲು ಕಾರಭಾರಿ ಎಂಬ ಮೇಲ್ವಿಚಾರಕರು ಕಂದೀಲು ಹಿಡಿದು ಹೊರಗೆ ಬಂದರು. ನಾನು ಎದ್ದು ಹೋಗಿ ಆ ಅಧಿಕಾರಿಯ ಹೆಂಡತಿಯ ಹತ್ತಿರ ನಿಂತು, "ನಮ್ಮ ಮಾವಾರು ಹೋಗಾಕತ್ತಾರ್ರಿ. ನಮ್ಮ ಮನಿಯವರು ಒಳಗದಾರ" ಎಂದೆ. ಆಕೆ ಗಟ್ಟಿ ಹೆಂಗಸು, ಮೈತುಂಬ ಒಡವೆ. ನನ್ನ ರಟ್ಟೆ ಹಿಡಿದು, "ಇಕಿ ನಮ್ಮ ಜೋಡಿ ಬರ್ತಾಳ್ರಿ. ಮೊದಲ ಇಕಿ ಗಂಡನ ಕಡೆ ಕರಕೊಂಡು ನಡೀರಿ" ಎಂದು ಕಾರಭಾರಿಗೆ ಹೇಳಿದರು. ಆಳು ಇವರ ಹೆಸರು ಹೇಳಿದ.

"ಅವ ಕಡೀ ಗವಿಯೊಳಗ ಇದ್ದಾನ ಬಾಯಿಸಾಹೇಬ" ಎಂದರು ಕಾರಭಾರಿ. "ಎಲ್ಲಾ ಗವಿ ದಾಟೇ ಹೋಗಬೇಕು. ಲಗೂನ ಹೋಗೋಣಂದ್ರೂ ಆಗೂದಿಲ್ಲ, ಕಾಲ ಜಾರತದ."

ಮೆಟ್ಟಿಲು ಇಳಿದೆವು. ಬಿಸಿಲಿನಿಂದ ಹೋದ ಮೈ ಒಮ್ಮೆಲೇ ಜುಮ್ಮೆಂದಿತು. ಗೋಡೆಯೆಲ್ಲ ಬೆವರು. ಹುಳಿಹಿಟ್ಟಿನ ವಾಸನೆ, ಹಸಿಕಲ್ಲಿನ ವಾಸನೆ, ಅದರ ಹಿಂದೆ ಕೊಳೆತ ಹಣ್ಣಿನ ವಾಸನೆ. ನಾನು ಮೂಗಿಗೆ ಸೆರಗು ಹಿಡಿದೆ, ಆಮೇಲೆ ಬಿಟ್ಟೆ. ನನ್ನ ಗಂಡ ದಿನವೂ ಉಸಿರಾಡುವುದು ಇದೇ ಗಾಳಿ ಎಂದು ನೆನಪಾಯಿತು.

"ಅಕ್ಕಾ, ಎಷ್ಟು ತಂಪದ ನೋಡು!" ಎಂದಳು ತಂಗಿ.

"ಹೂಂ. ಮನ್ಯಾಗ ಇಂಥಾದೊಂದು ಇದ್ರ ಬ್ಯಾಸಗಿ ಮುಗಿಯೂತನಾ ಗಂಡಸರನ್ನ ಇಲ್ಲೇ ಬೂಚು ಹಾಕಿ ಇಡಬಹುದಿತ್ತು."

ಕಾರಭಾರಿ ನಕ್ಕರು. ಕಲ್ಲಿನ ಕಮಾನಿನ ಕೆಳಗೆ ಆ ನಗು ಬಹಳ ದೂರ ಹೋಗಿ ಹೊಳ್ಳಿ ಬಂತು.

ಒಂದು ಗವಿಯಿಂದ ಇನ್ನೊಂದಕ್ಕೆ ಹೋದೆವು. ಗೋಡೆಯ ಎರಡೂ ಬದಿಗೆ ಶೀಶೆಗಳನ್ನು ಅಡ್ಡ ಮಲಗಿಸಿ ಛಾವಣಿಯವರೆಗೆ ಒಟ್ಟಿದ್ದರು. ಕೆಲವು ಕಪ್ಪಗೆ ಬೂಸಲು ಹಿಡಿದು, ಶೀಶೆಯೋ ಕಲ್ಲೋ ತಿಳಿಯದ ಹಾಗಿದ್ದವು. ಸಾಹೇಬ ತನ್ನ ಕೈಯಿಂದ ಇಟ್ಟ ಮೊದಲ ಸಾಲು ಅದು, ಅದನ್ನು ಯಾರೂ ಮುಟ್ಟುವುದಿಲ್ಲ ಎಂದರು ಕಾರಭಾರಿ. ಮುಂದೆ ಒಂದು ಕಡೆ ನೆಲವೆಲ್ಲ ಗಾಜಿನ ಚೂರು, ಶೆರೆಯ ಕೆಸರು. ಮುಂಜಾನೆ ಒಂದು ಶೀಶೆ ಒಡೆಯಿತಂತೆ. ಒಂದು ಒಡೆದರೆ ಅದರ ಹೊಡೆತಕ್ಕೆ ಪಕ್ಕದ್ದು, ಅದರ ಹೊಡೆತಕ್ಕೆ ಮತ್ತೊಂದು.

"ಮನಷಾರಿಗೆ ಏನೂ ಆಗೂದಿಲ್ಲ?" ಎಂದು ಆಕೆ ಕೇಳಿದರು.

"ಮುಖಕ್ಕ ತಂತಿ ಜಾಳಗಿ ಕಟಗೊಂಡಿರತಾರ್ರಿ" ಎಂದರು ಕಾರಭಾರಿ. "ಕೈಗೆ ಮಾತ್ರ ಏನೂ ಕಟ್ಟಾಕ ಬರೂದಿಲ್ಲ. ಬರೀ ಕೈಲೇ ಹಿಡೀಬೇಕು."

ನಿಮ್ಮ ಅಜ್ಜನ ಅಂಗೈಯಲ್ಲಿದ್ದ ಬಿಳಿಯ ಗೆರೆಗಳ ಕಾರಣ ನನಗೆ ಅಲ್ಲಿ ತಿಳಿಯಿತು. ಖೋಲಿಯ ಕದದ ಸಂದಿಗೆ ಕೈ ಸಿಕ್ಕಿತ್ತು ಎಂದು ಹೇಳಿದ್ದರು.

ಎಷ್ಟು ಗವಿ ದಾಟಿದೆವೋ ಗೊತ್ತಿಲ್ಲ. ಅಲ್ಲಿ ಕಿಟಕಿಯಿಲ್ಲ. ನೆರಳಿಲ್ಲ, ಯಾಕೆಂದರೆ ಬಿಸಿಲೇ ಇಲ್ಲ. ಹಕ್ಕಿಯ ಸದ್ದಿಲ್ಲ, ಕೋಳಿಯ ಸದ್ದಿಲ್ಲ. ಕಂದೀಲಿನ ಬೆಳಕು ಎಲ್ಲ ಕಡೆಗೂ ಒಂದೇ ಬಣ್ಣ. ಹೊರಗೆ ನಾನು ಬಿಟ್ಟುಬಂದ ಮಧ್ಯಾಹ್ನ ಹಾಗೇ ನಿಂತಿರುತ್ತದೆ ಎಂಬಂತೆ ನನ್ನ ಮನಸ್ಸು ನಡೆಯುತ್ತಿತ್ತು. ಆಕೆ ಎರಡು ಸಲ, "ಲಗು ನಡೀರಿ ಕಾರಭಾರಿ, ಈ ಹುಡುಗಿ ಮುಖ ನೋಡ್ರಿ" ಎಂದರು. ಅವರು ಲಗು ನಡೆದರು. ತಂಗಿ ಜಾರಿ ಬಿದ್ದು ಮೊಣಕಾಲು ಕೆತ್ತಿಕೊಂಡಳು. ಮತ್ತೆ ಮೆಲ್ಲಗೆ ನಡೆದೆವು.

ಕಡೆಯ ಗವಿಯಿಂದ ಟಕ್ ಟಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಅಲ್ಲಿ ತೂತು ಕೊರೆದ ಹಲಗೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರು. ಒಂದೊಂದು ತೂತಿನಲ್ಲಿ ಒಂದೊಂದು ಶೀಶೆ, ಕತ್ತು ಕೆಳಗೆ. ಒಬ್ಬ ಮನುಷ್ಯ ನಮಗೆ ಬೆನ್ನು ಮಾಡಿ ಎರಡೂ ಕೈಯಿಂದ ಎರಡು ಶೀಶೆ ಹಿಡಿದು ತುಸುವೇ ತಿರುಗಿಸುತ್ತಿದ್ದ. ಮತ್ತೆರಡು, ಮತ್ತೆರಡು. ದಿನವೂ ಹೀಗೆ ತಿರುಗಿಸಿದರೆ ಒಳಗಿನ ಗಸಿ ಮೆಲ್ಲಗೆ ಜಾರಿ ಬೂಚಿನ ಮೇಲೆ ಕೂಡುತ್ತದೆ, ಆಮೇಲೆ ಬೂಚು ಕಿತ್ತರೆ ಗಸಿಯಷ್ಟೇ ಹಾರಿ ಹೋಗುತ್ತದೆ ಎಂದು ಕಾರಭಾರಿ ಹೇಳುತ್ತಿದ್ದರು. ನಾನು ಕೇಳುತ್ತಿರಲಿಲ್ಲ. ಆ ಬೆನ್ನು ನನಗೆ ಗೊತ್ತಿತ್ತು.

ತಿರುಗಿದಾಗ ತಂತಿ ಜಾಳಿಗೆಯ ಹಿಂದೆ ಮುಖ ಕಾಣಲಿಲ್ಲ. ಅವರು ನನ್ನನ್ನು ನೋಡಿ ನಿಂತರು. ಜಾಳಿಗೆ ಬಿಚ್ಚಿದರು. ಕೆನ್ನೆಯ ಮೇಲೆ ತಂತಿಯ ಗುರುತುಗಳು ಕೆಂಪಗೆ ಮೂಡಿದ್ದವು.

"ಅಪ್ಪ?"

"ಅದಾರ್ರಿ. ನಿಮ್ಮ ಕೈಲೆ ನೀರು ಕೇಳ್ಯಾರ."

"ಯಾರಿಗಿ ಹೇಳಿದ್ರು?"

"ಅತ್ತಿಯವರಿಗಿ. ಮಾತು ಬರವಲ್ದು, ತುಟಿ ಅಷ್ಟ. ಅತ್ತಿ ಕಿವಿ ಹಚ್ಚಿ ಕೇಳ್ಯಾರ."

"ಅವ್ವ ಕೇಳ್ಯಾಳ" ಎಂದು ಇವರು ಮೆಲ್ಲಗೆ ಅಂದರು. ನಂಬಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತಲೇ ಇದ್ದರು. ಆಮೇಲೆ ಮತ್ತೆ ಜಾಳಿಗೆ ಕಟ್ಟಿಕೊಂಡು ಹಲಗೆಯ ಕಡೆ ತಿರುಗಿದರು.

"ಈ ಸಾಲು ಮುಗಿಸಿ ಬರ್ತೀನಿ. ನಡುವ ಬಿಟ್ರ ಯಾವದು ತಿರುವೇನಿ ಯಾವದಿಲ್ಲ ತಿಳಿಯಂಗಿಲ್ಲ."

"ಬಿಡೋ, ಬ್ಯಾರೆಯವರು ಮಾಡತಾರ" ಎಂದರು ಕಾರಭಾರಿ.

ಇವರು ಬಿಡಲಿಲ್ಲ. ಕೆಲಸದ ಮೇಲಿನ ಪ್ರೀತಿಗೆ ಹಾಗೆ ಮಾಡಿದರೆಂದು ನಾನು ತಿಳಿಯಲಿಲ್ಲ. ನಡುಗದ ಕೈ ಎಂದು ಒಳಗೆ ಕಳಿಸಿದ್ದರಲ್ಲ, ಆ ಕೈ ನಡುಗುತ್ತಿತ್ತು. ಶೀಶೆ ತೂತಿನ ಅಂಚಿಗೆ ತಾಗಿ ಟಕಟಕ ಎನ್ನುತ್ತಿತ್ತು. ತಂದೆಯ ಮುಂದೆ ತಂಬಿಗೆ ಹಿಡಿದು ನಿಲ್ಲಲು ಅವರಿಗೆ ಅಷ್ಟು ಹೊತ್ತು ಬೇಕಾಗಿತ್ತು. ಸಾಲು ಮುಗಿಯಿತು.

ಹೊರಗೆ ಬರುವಾಗ ಬಿಸಿಲು ಕಣ್ಣಿಗೆ ಬಡಿದೀತೆಂದು ನಾನು ಸೆರಗನ್ನು ಅಡ್ಡ ಹಿಡಿದುಕೊಂಡೆ. ಬಡಿಯುವ ಬಿಸಿಲೇ ಇರಲಿಲ್ಲ. ಜಾಲಿಯ ನೆರಳು ರಸ್ತೆಯ ಆಚೆಗೆ ಹೋಗಿ ಮಲಗಿತ್ತು. ಆಳು ಎತ್ತು ಹೂಡಿಕೊಂಡೇ ನಿಂತಿದ್ದ. ನಮ್ಮನ್ನು ನೋಡಿ ಬಾರಕೋಲು ಎತ್ತಿದ.

ಆ ಮುದಿ ಎತ್ತುಗಳು ಅಂದು ಓಡಿದ ಹಾಗೆ ಎಂದೂ ಓಡಿರಲಿಲ್ಲ. ಇವರು ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದರು. ಬಹಳ ಹೊತ್ತಿನ ಮೇಲೆ ಮಾತಾಡಿದರು, ನನ್ನ ಕಡೆ ನೋಡದೆ.

"ನಾ ಸಣ್ಣಾವಿದ್ದಾಗ ಅಪ್ಪನ ನನಗ ನೀರು ಸೋಸೂದು ಕಲಿಸಿದ್ರು. ಬಾವೀಗಿ ಹೊಳ್ಳಿ ಬಿಡುಮುಂದ ಕೊಡದ ಹಗ್ಗ ಅವರ ಕೈಯಾಗೂ ಇರೂದು, ನನ್ನ ಕೈಯಾಗೂ ಇರೂದು. ಸದ್ದು ಆಗಬಾರದು ಅಂತಿದ್ರು. ನೀರಿಗಿ ನೀರು ಮುಟ್ಟಿದ್ದು ನೀರಿಗೂ ತಿಳೀಬಾರದು."

ನಾನು ಹೂಂ ಎಂದೆ.

"ಖರೇನ ಕೇಳ್ಯಾರೇನ?"

"ಖರೇನ್ರಿ."

ಬನಹಟ್ಟಿ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ನಮ್ಮ ಮನೆಯ ಹಿತ್ತಲ ಬೇವಿನ ತುದಿಯಲ್ಲಿ ಬಿಸಿಲು ಇತ್ತು. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಗಾಡಿ ಇಳಿಯುವಾಗ ನಾನು ಮೊದಲು ನೋಡಿದ್ದು ಅದನ್ನೇ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರ ಕೈಯಲ್ಲಿ ಸೋಸಿದ ನೀರಿನ ತಂಬಿಗೆ ಸಿದ್ಧವಾಗಿತ್ತು.

"ಬಾ ತಮ್ಮಾ, ಬಾ. ಕಣ್ಣು ತೆರದಾರ. ಎರಡ ಹನಿ ಬಿಡು."

ಇವರು ಹಿಂದಕ್ಕೆ ಸರಿದರು. "ಹಿಂಗ ನಾ ಮುಟ್ಟಂಗಿಲ್ಲ ಅವ್ವಾ. ಮೈಯಾಗ ಅದರ ವಾಸನಿ ಐತಿ. ಜಳಕ ಮಾಡಿ ಬರ್ತೀನಿ."

"ಆಮ್ಯಾಲ ಮಾಡು!"

"ಇಷ್ಟು ವರ್ಷಕ್ಕ ಒಮ್ಮೆ ಕೇಳ್ಯಾರ. ಅವರಿಗಿ ಒಂದೂ ತಪ್ಪು ಸಿಗಬಾರದು."

ಬಾವಿಯ ಕಡೆಗೆ ಹೋದರು. ತಲೆಯ ಮೇಲಿಂದ ಕೊಡ ಕೊಡ ನೀರು ಸುರಿದುಕೊಂಡರು. ಕೈಯನ್ನು ಬೂದಿ ಹಚ್ಚಿ ತಿಕ್ಕಿದರು, ಮೂಸಿ ನೋಡಿದರು, ಮತ್ತೆ ತಿಕ್ಕಿದರು. ಒಣ ಧೋತರ ಉಟ್ಟರು. ಅತ್ತೆಯ ಕೈಯಲ್ಲಿದ್ದ ನೀರು ಬೇಡ, ತಾವೇ ಸೇದಿ ಸೋಸಿದ ನೀರೇ ಆಗಬೇಕು ಎಂದರು. ಕೊಡ ಇಳಿಸಿದರು, ಸೇದಿದರು. ಅರಿವೆಯನ್ನು ಎರಡು ಪದರು ಮಾಡಿ ತಂಬಿಗೆಯ ಬಾಯಿಗೆ ಕಟ್ಟಿದರು. ನಾನು ಬೇವಿನ ತುದಿಯನ್ನು ನೋಡುತ್ತ ನಿಂತಿದ್ದೆ.

"ಹೊತ್ತು ಹೊಂಟೈತ್ರಿ" ಎಂದೆ.

"ಆತು, ಆತು."

ಅರಿವೆ ಬಿಚ್ಚಿ ಜಾಲಿಸಿದರು. ಆ ನೀರನ್ನು ಕೊಡಕ್ಕೆ ಹಾಕಿ ಬಾವಿಗೆ ಇಳಿಸಿದರು. ಹಗ್ಗವನ್ನು ಗೇಣು ಗೇಣಾಗಿ ಬಿಟ್ಟರು. ಅತ್ತೆ ಒಳಗಿನಿಂದ ಕೂಗುತ್ತಿದ್ದರು. ಅದನ್ನು ಇವರು ಕೇಳಿಸಿಕೊಂಡರೋ ಇಲ್ಲವೋ, ಬಗ್ಗಿಕೊಂಡು ಕೊಡ ನೀರಿಗೆ ಮುಟ್ಟುವ ಸದ್ದು ಆಗದ ಹಾಗೆ ನೋಡುತ್ತಿದ್ದರು. ಸದ್ದು ಆಗಲಿಲ್ಲ. ತಂಬಿಗೆ ಎತ್ತಿಕೊಂಡು ಬೆನ್ನು ನೆಟ್ಟಗೆ ಮಾಡಿದಾಗ ಬೇವಿನ ತುದಿ ಉಳಿದ ಬೇವಿನ ಹಾಗೆಯೇ ಕಪ್ಪಾಗಿತ್ತು.

ಮಾವನವರ ಹಾಸಿಗೆ ಪಡುವಣ ಕಿಟಕಿಯ ಹತ್ತಿರ ಇತ್ತು. ಕಣ್ಣು ತೆರೆದೇ ಇದ್ದರು. ಇವರು ಮೊಣಕಾಲೂರಿ ಕೂತು, "ಅಪ್ಪಾ, ನಾ ಬಂದೇನ್ರಿ" ಎಂದರು. ಮಾವನವರು ಇವರನ್ನು ನೋಡಿದರು. ಗುರುತು ಹಿಡಿದರು, ಅದರಲ್ಲಿ ಸಂಶಯವಿಲ್ಲ. ಇವರು ಎಡಗೈಯಿಂದ ತಂದೆಯ ತಲೆ ಎತ್ತಿ, ತಂಬಿಗೆಯನ್ನು ತುಟಿಗೆ ಹಿಡಿದರು.

ಮಾವನವರ ಕಣ್ಣು ಕಿಟಕಿಗೆ ಹೋಯಿತು. ಅಲ್ಲಿ ತುಸು ಕೆಂಪು ಇತ್ತು, ಸೂರ್ಯ ಇರಲಿಲ್ಲ. ಕಣ್ಣು ಮತ್ತೆ ಮಗನ ಮೇಲೆ ಬಂತು. ತುಟಿಗಳು ಬಿಗಿಯಾಗಿ ಮುಚ್ಚಿದವು. ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ನೀರು ಗದ್ದದಿಂದ ಇಳಿದು ದಿಂಬಿಗೆ ಹೋಯಿತು.

"ಹೊತ್ತು ಹೋತು ತಮ್ಮಾ" ಎಂದರು ಅತ್ತೆ. "ಅದಕ್ಕ ಒಲ್ಲೆ ಅಂದ್ರು. ಮುಂಜಾನಿ ಹೊತ್ತು ಹುಟ್ಟಿದ ಕೂಡ್ಲೆ ಕುಡಸು. ಮುಂಜಾನಿ ಕುಡೀತಾರ."

ಇವರು ತಂಬಿಗೆಯನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಅಲ್ಲಿಯೇ ಕೂತರು. ಬೆಳಗಾಗುವುದಕ್ಕೆ ತುಸು ಮೊದಲು, ಕೋಳಿ ಕೂಗಿ ಬೆಳಕು ಇನ್ನೂ ಬಾರದ ಹೊತ್ತಿನಲ್ಲಿ ಮಾವನವರು ಹೋದರು.

ಆಮೇಲಿನ ವರ್ಷಗಳಲ್ಲಿ ಅತ್ತೆ ಇದನ್ನು ಇವರಿಗೆ ಎಷ್ಟು ಸಲ ಹೇಳಿದರೋ. ನಾನೂ ಹೇಳಿದೆ. ಕಿಟಕಿಯ ಕಡೆ ನೋಡಿದ್ದನ್ನು ನಾನು ಕಂಡೆ, ನೇಮಕ್ಕಾಗಿ ಬಾಯಿ ಮುಚ್ಚಿದರು, ನಿಮ್ಮ ಕೈಗಾಗಿ ಅಲ್ಲ ಎಂದೆ. ಇವರು ಪ್ರತಿ ಸಲವೂ ಕೇಳಿಸಿಕೊಂಡು ಒಂದೇ ಮಾತು ಅನ್ನುತ್ತಿದ್ದರು: "ನೀ ನನ್ನ ಸಮಾಧಾನಕ್ಕ ಹೇಳ್ತಿ." ಒಂದು ಸಲ ಮಾತ್ರ, "ನಾ ಅವರ ಮುಖ ನೋಡಾಕತ್ತಿದ್ದೆ. ಕಿಟಕಿ ನೋಡ್ಲಿಲ್ಲ" ಎಂದರು.

ಇಲ್ಲಿ ನಿಮ್ಮ ಮುಂದೆ ನಿಜ ಹೇಳಬೇಕು. ಕಣ್ಣು ಕಿಟಕಿಗೆ ಹೋದದ್ದು ಖರೆ. ಆದರೆ ಸಾಯುವವರ ಕಣ್ಣು ಎಲ್ಲಿ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಯಾರು ಹೇಳಬೇಕು? ಬೇವಿನ ತುದಿಯಲ್ಲಿ ಬಿಸಿಲಿದ್ದಾಗ ಅತ್ತೆಯ ಕೈಯ ತಂಬಿಗೆಯನ್ನೇ ಇಸಿದುಕೊಂಡು ಇವರು ಒಳಗೆ ಹೋಗಿದ್ದರೆ ಮಾವನವರು ಕುಡಿಯುತ್ತಿದ್ದರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಕುಡಿಯುತ್ತಿದ್ದರು ಎಂದು ನಂಬಿದ್ದೇನೆ. ನಂಬುವುದು ಬೇರೆ, ಕಂಡದ್ದು ಬೇರೆ.

ಇವರು ಆ ಕೆಲಸ ಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಬಿಡಲಿಲ್ಲ. ದಿನಕರ್ಮ ಮುಗಿದ ಮೇಲೆ ಮತ್ತೆ ಗುಡ್ಡದೊಳಗೆ ಹೋದರು. "ಈಗ ಬಿಟ್ಟು ಯಾರಿಗಿ ತೋರಿಸ್ಲಿ?" ಎಂದರು. ಸಂಸ್ಥಾನ ಮುಗಿದು ಹೊಸ ಸರಕಾರ ಬಂದು ಶೆರೆ ಬಂದ್ ಆಗುವವರೆಗೂ, ಕಡೆಯ ಗವಿಯ ಕಡೆಯ ಹಲಗೆ ಖಾಲಿಯಾಗುವವರೆಗೂ ಅಲ್ಲೇ ಇದ್ದರು. ಬಾಗಿಲು ಮುಚ್ಚಿದ ದಿನ ಬರಿಗೈಯಲ್ಲಿ ಬನಹಟ್ಟಿಗೆ ಬಂದು ಮನೆಯಲ್ಲಿ ಕೂತರು.

ನಿಮ್ಮ ಅಜ್ಜ ಬಹಳ ಬಿರುಸು, ಒಂದು ಲೋಟ ನೀರು ಕೇಳಿದರೂ ಎತ್ತಿಕೊಡುತ್ತಿರಲಿಲ್ಲ, ಅಜ್ಜಿಯನ್ನು ಕೇಳ್ರಿ ಎನ್ನುತ್ತಿದ್ದರು ಎಂದು ನೀವು ಈಗಲೂ ನಗುತ್ತೀರಿ. ಅವರು ನಿಮ್ಮನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದನ್ನೂ, ಜ್ವರ ಬಂದಾಗ ಕಾಲು ಒತ್ತಿದ್ದನ್ನೂ ನೆನಪು ಮಾಡಿಕೊಳ್ಳಿರಿ. ನೀರು ಮಾತ್ರ ಅವರ ಕೈಯಿಂದ ಆಗುತ್ತಿರಲಿಲ್ಲ. ಯಾರಿಗೂ ಕೊಡಲಿಲ್ಲ, ನಿಮಗಷ್ಟೇ ಅಲ್ಲ.

ನಾನು ಒಮ್ಮೆ ಪ್ರಯತ್ನ ಮಾಡಿದೆ. ಕಾರ್ಖಾನೆ ಮುಚ್ಚಿದ ವರ್ಷ, ನಿಮ್ಮ ಅವ್ವ ಇನ್ನೂ ಲಂಗ ಉಡುತ್ತಿದ್ದ ಹುಡುಗಿ. ಸೂರ್ಯ ನಡುನೆತ್ತಿಯ ಮೇಲಿದ್ದ, ಅಂಗಳದಲ್ಲಿ ನಮ್ಮ ನೆರಳು ಕಾಲ ಕೆಳಗೇ ಇತ್ತು. ಬೇಕೆಂದೇ ಆ ಹೊತ್ತು ಆರಿಸಿದ್ದೆ. ಬೀಸುವ ಕಲ್ಲಿನಿಂದ ಎದ್ದು ಹೋಗಿ ಅವರ ಮುಂದೆ ಬೊಗಸೆ ಒಡ್ಡಿ, "ನೀರಡಿಕಿ ಆಗೇತ್ರಿ. ಒಂದೀಟು ಹಾಕ್ರಿ" 
ಎಂದೆ. ಮದುವೆಯಾದ ಮೇಲೆ ನಾನು ಅವರನ್ನು ಕೇಳಿದ್ದು ಬಹಳ ಕಡಿಮೆ.

ಅವರು ನನ್ನ ಬೊಗಸೆ ನೋಡಿದರು. ಮೇಲೆ ಸೂರ್ಯನನ್ನು ನೋಡಿದರು. ನಾನು ಏನು ಮಾಡುತ್ತಿದ್ದೇನೆಂದು ಅವರಿಗೆ ತಿಳಿಯಿತು. ತಂಬಿಗೆ ಎತ್ತಿಕೊಂಡು ಹತ್ತಿರ ಬಂದರು, ತಂಬಿಗೆಯನ್ನು ವಾಲಿಸಿದರು. ನೀರು ಅಂಚಿಗೆ ಬಂದು ನಿಂತಿತು.

"ತಂಗೀ" ಎಂದು ಒಳಗಿದ್ದ ಮಗಳನ್ನು ಕೂಗಿದರು, "ಬಾರವ್ವಾ, ನಿಮ್ಮವ್ವಗ ನೀರು ಹಾಕು."

ನಿಮ್ಮ ಅವ್ವ ಬಂದು ಹಾಕಿದಳು. ನಾನು ಕುಡಿದೆ.